ಸಹಾಯ ಬೇಕು: ತಕ್ಕಡಿ ಡ್ರೈವರ್‌ನ ಮೆಮೊರಿ ಕ್ಲೀನಪ್ ಯಾರಾದ್ರೂ ನೋಡಿಕೊಡ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು. ಟೊಮೆಟೊ ಮಂಡಿಯಲ್ಲಿ 15 ಕೆಜಿ ಬಾಕ್ಸ್ ತೂಗೋ ಎಲೆಕ್ಟ್ರಾನಿಕ್ ತಕ್ಕಡಿಗೆ ಲಿನಕ್ಸ್ ಡ್ರೈವರ್ ಬರೀತಿದ್ದೀನಿ. ತೂಕ ಸರಿಯಾಗೇ ಬರುತ್ತೆ. ಆದರೆ ಡ್ರೈವರ್ ಮಾಡ್ಯೂಲ್ ತೆಗೆಯುವಾಗ ಹತ್ತಿಪ್ಪತ್ತು ಸಲಕ್ಕೊಮ್ಮೆ ಕರ್ನಲ್ (ಲಿನಕ್ಸ್‌ನ ತಿರುಳು) ಕ್ರ್ಯಾಶ್ ಆಗುತ್ತೆ. ಕಾಸಾನ್ (KASAN, ಕರ್ನಲ್‌ನ ಮೆಮೊರಿ ತಪ್ಪು ಹಿಡಿಯೋ ಸಾಧನ) ಆನ್ ಮಾಡಿ ನೋಡಿದೆ, ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಸಿಗ್ನಲ್ ಬಂದಾಗ ಓಡೋ ಫಂಕ್ಷನ್) ಒಳಗೆ ‘ಯೂಸ್ ಆಫ್ಟರ್ ಫ್ರೀ’ (ಬಿಟ್ಟುಕೊಟ್ಟ ಮೆಮೊರಿಯನ್ನ ಮತ್ತೆ ಬಳಸಿದ್ದು) ಅಂತ ತೋರಿಸ್ತು.

ನನ್ನ ಅನುಮಾನ ಇಷ್ಟು: ಬಫರನ್ನ ರಿಮೂವ್ ಫಂಕ್ಷನ್ನಲ್ಲಿ (ಡ್ರೈವರ್ ತೆಗೆಯುವಾಗ ಓಡೋದು) ನಾನೇ ಕೆಫ್ರೀ (kfree, ಮೆಮೊರಿ ಬಿಟ್ಟುಕೊಡೋದು) ಮಾಡ್ತೀನಿ. ಇಂಟರಪ್ಟ್ ಮಾತ್ರ ಡೆವ್‌ಎಂ (devm, ತಗೊಂಡಿದ್ದನ್ನ ಡ್ರೈವರ್ ತೆಗೆದಾಗ ತಾನೇ ಬಿಡುಗಡೆ ಮಾಡೋ ಕರ್ನಲ್ ವ್ಯವಸ್ಥೆ) ಮೂಲಕ ತಗೊಂಡಿರೋದು, ಅದು ಬಿಡುಗಡೆ ಆಗೋದು ರಿಮೂವ್ ಮುಗಿದ ಮೇಲೆ. ಆ ಸಂದಿಯಲ್ಲಿ ಇಂಟರಪ್ಟ್ ಬಂದ್ರೆ ಹ್ಯಾಂಡ್ಲರ್ ಮುಟ್ಟೋದು ಆಗಲೇ ಬಿಟ್ಟುಕೊಟ್ಟ ಜಾಗವನ್ನ. ಡೆವ್‌ಎಂ ಕೊನೆಗೆ ತಗೊಂಡಿದ್ದನ್ನ ಮೊದಲು ಬಿಡುತ್ತೆ, ಹಾಗಾಗಿ ಬಫರನ್ನೂ ಅದಕ್ಕೇ ಒಪ್ಪಿಸಿ, ಇಂಟರಪ್ಟ್‌ಗಿಂತ ಮುಂಚೆ ತಗೊಂಡ್ರೆ ಸರಿಹೋಗಬೇಕು. ತೊಡಕಿರೋದು, ಹ್ಯಾಂಡ್ಲರ್ ಆಮೇಲೆ ಮಾಡೋಕೆ ಅಂತ ಕೆಲಸ ಹಾಕೋ ವರ್ಕ್‌ಕ್ಯೂನಲ್ಲಿ. ರಿಮೂವ್‌ನಲ್ಲಿ ಕ್ಯಾನ್ಸಲ್ ಮಾಡಿದ ಕೆಲಸವನ್ನ ಹ್ಯಾಂಡ್ಲರ್ ಮತ್ತೆ ಕ್ಯೂಗೆ ಹಾಕಬಹುದಲ್ಲ? ಆ ಕ್ಯಾನ್ಸಲನ್ನೂ ಡೆವ್‌ಎಂ ಆ್ಯಕ್ಷನ್ (ಬಿಡುಗಡೆ ವೇಳೆ ಓಡೋ ಫಂಕ್ಷನ್) ಮಾಡಿ ಇಂಟರಪ್ಟ್‌ಗೆ ಮುಂಚೆ ಸೇರಿಸೋದು ಸರಿಯಾದ ದಾರಿನಾ?

ಇನ್ನೊಂದು, ಸಾಧನ ಸಿಕ್ಕಾಗ ಓಡೋ ಪ್ರೋಬ್‌ನಲ್ಲಿ ಒಂದು ಕಡೆ ರೆಗ್ಯುಲೇಟರ್ (ವಿದ್ಯುತ್ ಪೂರೈಕೆ) ಆನ್ ಆದ್ಮೇಲೆ ಎರರ್ ಬಂದ್ರೆ, ಅದನ್ನ ಆಫ್ ಮಾಡದೆ ನೇರ ರಿಟರ್ನ್ ಮಾಡಿಬಿಟ್ಟಿದ್ದೆ. ಅದನ್ನ ಕ್ಲೀನಪ್ ಮಾಡೋ ಗೋಟೂ ಲೇಬಲ್‌ಗೆ ತಿರುಗಿಸಿದ್ದೀನಿ. ಇಂಥವು ಇನ್ನೆಷ್ಟು ಉಳಿದಿವೆಯೋ, ಬರೆದವನ ಕಣ್ಣಿಗೆ ಕಾಣಲ್ಲ.

ಸುಮಾರು 400 ಸಾಲಿನ ಕೋಡು. ಡ್ರೈವರ್ ಬರೆದು ಅನುಭವ ಇರೋರು ಒಂದು ಸಂಜೆ ಬಿಡುವು ಮಾಡ್ಕೊಂಡ್ರೆ ಕಳಿಸ್ತೀನಿ. ಕೋಲಾರ, ಚಿಂತಾಮಣಿ ಕಡೆಯವರಾದ್ರೆ ಬೋರ್ಡ್ ಸಮೇತ ನಾನೇ ಬರ್ತೀನಿ.