ಬ್ಯಾಂಕ್ ಕೆಲಸ ಬಿಟ್ಟು ಕೌನ್ಸೆಲರ್ ಆಗಬೇಕು ಅಂತಿದ್ದೇನೆ, ಈ ದಾರಿಯಲ್ಲಿ ನಡೆದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ:
ನನಗೆ 42 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಸಾಲ ಕೇಳಲು ಬಂದವರು ಮನೆಯ ಕಥೆಯನ್ನೂ ಹೇಳಿಕೊಳ್ಳುತ್ತಾರೆ. ಗಂಡನ ಕುಡಿತ, ಮಗನ ಹಟ, ನಿದ್ದೆ ಬಾರದ ರಾತ್ರಿ, ಎಲ್ಲಾ. ಅದನ್ನು ಕೇಳುವಾಗ ಇದೇ ನನ್ನ ಕೆಲಸ ಅನ್ನಿಸುತ್ತದೆ. ದೇಹ, ಮನಸ್ಸು, ಮನೆ, ದುಡ್ಡು ಎಲ್ಲವನ್ನೂ ಸೇರಿಸಿ ನೋಡುವ ಹೋಲಿಸ್ಟಿಕ್ ಕೌನ್ಸೆಲರ್, ಲೈಫ್ ಕೋಚ್ ಆಗಬೇಕು ಅಂತ ಆಸೆ. ಮೂರು ದಿನದ ಆನ್‌ಲೈನ್ ಕೋರ್ಸ್‌ಗೆ ನಲವತ್ತು ಸಾವಿರ ಕೇಳುತ್ತಿದ್ದಾರೆ. ಸೇರಲಾ? ಕೆಲಸ ಬಿಡಲಾ?

ಮೈಸೂರಿನಿಂದ:
ಅಕ್ಕ, ಆ ದುಡ್ಡು ಕಟ್ಟಬೇಡಿ. ಕೆಲಸವನ್ನೂ ಈಗಲೇ ಬಿಡಬೇಡಿ. ನಾನು ಹೈಸ್ಕೂಲ್ ಟೀಚರ್ ಆಗಿದ್ದವಳು, ಈಗ ಒಂಬತ್ತು ವರ್ಷದಿಂದ ಆಪ್ತ ಸಮಾಲೋಚಕಿ. ಶುರುವಿನಲ್ಲಿ ನಾನೂ ಅಂಥದ್ದೇ ಐದು ದಿನದ ಕೋರ್ಸ್ ಮಾಡಿ, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದೆ.

ನನ್ನ ಹತ್ತಿರ ಬಂದ ಮೂರನೆಯವರು ಒಬ್ಬ ಹೆಂಗಸು. ಯಾವುದರಲ್ಲೂ ಉತ್ಸಾಹ ಇಲ್ಲ, ಮೈ ಭಾರ, ಸುಮ್ಸುಮ್ನೆ ಅಳು. ಕೋರ್ಸಿನಲ್ಲಿ ಹೇಳಿಕೊಟ್ಟಂತೆ ಡೈರಿ ಬರೆಸಿದೆ, ಬೆಳಗ್ಗೆ ವಾಕಿಂಗ್ ಮಾಡಿಸಿದೆ, ಒಳ್ಳೆಯದನ್ನೇ ಯೋಚಿಸಿ ಅಂದೆ. ಎರಡು ತಿಂಗಳು ಹೀಗೇ ಕಳೆಯಿತು. ಆಮೇಲೆ ಯಾರೋ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆ ಇತ್ತು. ಮಾತ್ರೆ ಶುರುವಾದ ಮೇಲೆ ಚೇತರಿಸಿಕೊಂಡರು. ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯ ಥರವೇ ಕಾಣಿಸಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಆ ಎರಡು ತಿಂಗಳು ಅವರು ತಪ್ಪೆಲ್ಲ ತಮ್ಮ ಮನಸ್ಸಿನದೇ ಅಂತ ನಂಬಿಕೊಂಡಿದ್ದರು, ಹಾಗೆ ನಂಬಿಸಿದ್ದು ನಾನು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಈಗ ಯಾರೇ ಬರಲಿ, ಮೊದಲು ಕೇಳುವುದು ಡಾಕ್ಟರ್ ಹತ್ತಿರ ಹೋಗಿ ಎಷ್ಟು ದಿನ ಆಯಿತು, ನಿದ್ದೆ ಊಟ ಹೇಗಿದೆ, ಯಾವ ಮಾತ್ರೆ ನಡೆಯುತ್ತಿದೆ ಅಂತ. ಹೋಲಿಸ್ಟಿಕ್ ಅಂದರೆ ನನ್ನ ಪಾಲಿಗೆ ಇದೇ.

ಆಮೇಲೆ ಕೆಲಸ ಮಾಡುತ್ತಲೇ ದೂರ ಶಿಕ್ಷಣದಲ್ಲಿ ಮನಶ್ಶಾಸ್ತ್ರ ಎಂಎ ಮಾಡಿದೆ. ಆ ದಾರಿ ಈಗ ಇಲ್ಲ ಅಕ್ಕ. 2025ರ ಜುಲೈ-ಆಗಸ್ಟ್‌ನಿಂದ ಮನಶ್ಶಾಸ್ತ್ರವನ್ನು ದೂರ ಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕಲಿಸಬಾರದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿದೆ. ಹಾಗಾಗಿ "ಆನ್‌ಲೈನ್ ಎಂಎ ಕೊಡಿಸುತ್ತೇವೆ" ಅನ್ನುವವರ ಮಾತು ನಂಬಬೇಡಿ. ಕಾಲೇಜಿಗೇ ಹೋಗಿ ಓದಬೇಕು.

ಓದಿಗಿಂತ ಜಾಸ್ತಿ ಕಲಿಸಿದ್ದು ನನ್ನ ಸೂಪರ್‌ವೈಸರ್, ಅಂದರೆ ನನ್ನ ಕೆಲಸವನ್ನು ನೋಡಿ ತಿದ್ದುವ ಹಿರಿಯ ಸಮಾಲೋಚಕರು. ಬಂದವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಒಂದು ಗಂಟೆಯ ಮಾತನ್ನು ಪೂರ್ತಿ ಬರೆದು ತರಲು ಹೇಳಿದರು. ನಾನು ಆಡಿದ ಮಾತಿಗೆಲ್ಲ ಕೆಂಪು ಗೆರೆ ಎಳೆದರು. ಮುಕ್ಕಾಲು ಹಾಳೆ ಕೆಂಪಾಯಿತು. ನಾನು ಕೇಳುತ್ತಿದ್ದೇನೆ ಅಂದುಕೊಂಡಿದ್ದೆ, ಆದರೆ ಮನಸ್ಸಿನಲ್ಲಿ ಉತ್ತರ ಜೋಡಿಸುತ್ತಾ ಕೂತಿದ್ದೆ. ಸುಮ್ಮನಿರುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು.

ಬೆಂಗಳೂರಿನಿಂದ:
ನಾನು ನಿವೃತ್ತಿಯಾದ ಮೇಲೆ ಈ ಕಡೆ ಬಂದವನು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಿಂದ ಶುರು ಮಾಡಿ. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರ 'ಸಮಾಧಾನ' ಕೇಂದ್ರದಲ್ಲಿ ಆಪ್ತ ಸಲಹೆ ಉಚಿತ. ಗೃಹಿಣಿಯರು, ನಿವೃತ್ತರು ತರಬೇತಿ ಪಡೆದು ಸ್ವಯಂಸೇವಕರಾದ ಉದಾಹರಣೆ ಅಲ್ಲಿ ಬೇಕಾದಷ್ಟಿದೆ. ಸಂಬಳದ ಕೆಲಸ ಇಟ್ಟುಕೊಂಡೇ ವಾರಕ್ಕೆ ಅರ್ಧ ದಿನ ಇಂಥ ಕಡೆ ಕೂತು ನೋಡಿ. ಬೇರೆಯವರ ದುಃಖವನ್ನು ವಾರ ವಾರ ಕೇಳಿದ ಮೇಲೂ ಮುಂದಿನ ವಾರ ಹೋಗಬೇಕು ಅನ್ನಿಸುತ್ತದಾ? ನನಗೆ ಅನ್ನಿಸಿತು. ನನ್ನ ಜೊತೆ ಸೇರಿದ ಒಬ್ಬರಿಗೆ ರಾತ್ರಿ ನಿದ್ದೆ ಹೋಯಿತು, ಅವರು ಬಿಟ್ಟರು. ಅದೂ ಸರಿಯೇ, ತಪ್ಪೇನಿಲ್ಲ.

ಬೆಂಗಳೂರಿನಿಂದ ಇನ್ನೊಬ್ಬರು, ಕೋಚ್:
ಕೋಚಿಂಗ್ ಬೇರೆ, ಕೌನ್ಸೆಲಿಂಗ್ ಬೇರೆ. ಕೆಲಸ ಬದಲಿಸಬೇಕು, ತಂಡ ನಡೆಸಬೇಕು, ಮುಂದೇನು ಅಂತ ಗೊತ್ತಾಗುತ್ತಿಲ್ಲ ಅನ್ನುವವರ ಜೊತೆ ನಾನು ಕೆಲಸ ಮಾಡುತ್ತೇನೆ. ಹಳೆಯ ಗಾಯ, ಖಿನ್ನತೆ, ಕುಡಿತ ಬಂದರೆ ನಾನು ಮುಟ್ಟುವುದಿಲ್ಲ, ಬಲ್ಲವರ ಹತ್ತಿರ ಕಳಿಸುತ್ತೇನೆ. ನಮ್ಮ ದೇಶದಲ್ಲಿ ಲೈಫ್ ಕೋಚ್ ಆಗಲು ಲೈಸೆನ್ಸ್ ಬೇಕಿಲ್ಲ. ಅದಕ್ಕೇ ಮೂರು ದಿನದ ಕೋರ್ಸ್‌ಗಳು ಇಷ್ಟೊಂದು. ಅಂತಾರಾಷ್ಟ್ರೀಯ ಕೋಚಿಂಗ್ ಒಕ್ಕೂಟ ಐಸಿಎಫ್‌ನ ಮೊದಲ ಹಂತಕ್ಕೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎರಡನೇ ಹಂತಕ್ಕೆ ಆ ಅನುಭವವೇ 500 ಗಂಟೆ. ಮೂರು ದಿನಕ್ಕೆ ಎಷ್ಟು ಗಂಟೆ ಅಂತ ನೀವೇ ಲೆಕ್ಕ ಹಾಕಿ. ಇನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆ ಹೆಸರನ್ನು ನಾವು ಯಾರೂ ಬಳಸುವಂತಿಲ್ಲ.

ಹುಬ್ಬಳ್ಳಿಯಿಂದ:
ಅಕ್ಕಾರೇ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಎಚ್ಐವಿ ಪರೀಕ್ಷೆಗೆ ಬಂದವರ ಜೊತೆ ಮಾತಾಡುವ ಕೌನ್ಸೆಲರ್. ಪರೀಕ್ಷೆಗೆ ಮೊದಲು ಒಮ್ಮೆ, ಫಲಿತಾಂಶ ಹೇಳುವಾಗ ಒಮ್ಮೆ. ಬಾಗಿಲ ಹೊರಗೆ ಸಾಲು ನಿಂತಿರುತ್ತದೆ. ನನ್ನ ಮುಂದೆ ಕೂತವರಿಗೆ ಆ ಸಾಲು ಕಾಣಬಾರದು, ಅಷ್ಟೇ ನನ್ನ ಹಟ. ಸಂಬಳ ದೊಡ್ಡದಲ್ಲ, ಆದರೂ ಬಿಡಲು ಮನಸ್ಸಿಲ್ಲ. ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಇರುವ ಸಾಂತ್ವನ ಕೇಂದ್ರಗಳಲ್ಲೂ ಇಂಥ ಕೆಲಸ ಇರುತ್ತದೆ, ವಿಚಾರಿಸಿ ನೋಡಿ.

ದಾವಣಗೆರೆಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಕೋರ್ಸಿನವರಿಗೆ ಬೇಡ ಅಂದೆ. ಒಂದು ವಿಷಯ ಕೇಳಲೇಬೇಕು. ಕಳೆದ ತಿಂಗಳು ಒಬ್ಬರು ಕೌಂಟರ್ ಮುಂದೆ "ಇದ್ದು ಏನು ಪ್ರಯೋಜನ" ಅಂದರು. ನಾನು "ಹಾಗೆಲ್ಲ ಮಾತಾಡಬಾರದು" ಅಂದುಬಿಟ್ಟೆ. ಅವರು ಸುಮ್ಮನಾದರು. ಏನು ಹೇಳಬೇಕಿತ್ತು?

ಮೈಸೂರಿನಿಂದ:
ಅಕ್ಕ, ಬಹಳ ಜನ ಹಾಗೇ ಅನ್ನುತ್ತಾರೆ, ಭಯದಿಂದ. ಆದರೆ ಅಲ್ಲಿಗೆ ಅವರ ಮಾತು ನಿಂತುಹೋಗುತ್ತದೆ. "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಯಾರೋ ಒಬ್ಬರು ಕೇಳಿದರಲ್ಲ ಅಂತ ಎಷ್ಟೋ ಜನ ಉಸಿರು ಬಿಡುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯವರನ್ನು ಕರೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಜೊತೆ ಕೂತೇ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಾನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: ನೀವು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ, ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ ಅಂತ.

ಅವರ ಸಾಲದ ಅರ್ಜಿಯಲ್ಲಿ ಫೋನ್ ನಂಬರ್ ಇರುತ್ತದೆ ಅಲ್ವಾ? ಸಾಲದ ಕೆಲಸಕ್ಕೆ ಅಂತಲೇ ಕರೆಸಿ, ಬಂದಾಗ ಕೂರಿಸಿ ಕೇಳಿ. ಇವತ್ತೇ ಮಾಡಿ ಅಕ್ಕ.

ದಾವಣಗೆರೆಯಿಂದ:
ಫೋನ್ ಮಾಡಿದೆ. ನಾಳೆ ಹನ್ನೊಂದಕ್ಕೆ ಬರುತ್ತಾರಂತೆ. ಜೊತೆಗೆ ತಮ್ಮನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.