ಅಪ್‌ಡೇಟ್: 46ಕ್ಕೆ ಇದ್ದಿಲು ಹಿಡಿದೆ

ಎದುರಿಗೆ ಮನುಷ್ಯರನ್ನ ನಿಲ್ಲಿಸ್ಕೊಂಡು ಚಿತ್ರ ಬರೆಯೋದನ್ನ ಈ ವಯಸ್ಸಲ್ಲಿ ಕಲೀಬಹುದಾ ಅಂತ ಕೇಳಿದ್ದೆನಲ್ಲ, ಶುರು ಮಾಡಿದೆ. ದಾವಣಗೆರೆಯಲ್ಲೇ, ನಾಲ್ಕು ಜನ ಸೇರಿ, ಭಾನುವಾರ ಬೆಳಿಗ್ಗೆ. ರೂಪದರ್ಶಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಅಜ್ಜ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತೀವಿ.

ಮೊದಲು 1 ನಿಮಿಷದ ಭಂಗಿ, ಆಮೇಲೆ 20 ನಿಮಿಷದ್ದು. 1 ನಿಮಿಷದಲ್ಲಿ ನನಗೆ ಮೂಗೇ ಮುಗಿಯಲ್ಲ! "ಮೂಗು ಬಿಡಿ ಸಾರ್, ಭಾರ ಯಾವ ಕಾಲ ಮೇಲಿದೆ ನೋಡಿ" ಅಂದ್ರು ಕಲಿಸೋರು. ನೋಡಿದೆ: ಬಲಗಾಲು. ಆ ಕಡೆ ಸೊಂಟ ಮೇಲೆ, ಭುಜ ಕೆಳಗೆ. ಕತ್ತಿನ ಗುಳಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಆ ಪಾದದ ಹತ್ತಿರಕ್ಕೇ ಬರುತ್ತೆ. ಅಷ್ಟು ಹಾಕಿದ ಮೇಲೆ ನನ್ನ ಹಾಳೆಯ ಮನುಷ್ಯ ಬೀಳೋದು ನಿಲ್ಲಿಸಿದ.

ತಲೆ ಮಾತ್ರ ಇನ್ನೂ ದೊಡ್ಡದೇ. ಹೆಚ್ಚುಕಡಿಮೆ ಏಳೂವರೆ ತಲೆಯಷ್ಟು ಎತ್ತರ ಬರಬೇಕಾದೋರು ಐದಕ್ಕೇ ಮುಗೀತಾರೆ. ಅಜ್ಜ ನೋಡಿ, "ಇದು ನಮ್ಮ ಮೊಮ್ಮಗ ಅಲ್ಲೇನ್ರಿ?" ಅಂದ್ರು.