ವಲೆನ್ಸಿಯಾದಲ್ಲಿ 8 ತಿಂಗಳಾಯ್ತು, ಊರು ಇನ್ನೂ ನಮ್ಮದು ಅನಿಸುತ್ತಿಲ್ಲ

ಡೊಂಬಿವಿಲಿ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ. ಅಪ್ಪ ಅಮ್ಮ ಕುಂದಾಪುರದ ಕಡೆಯವರು. ಮದುವೆಯಾದ ಮೇಲೆ ಸ್ಪೇನಿನ ವಲೆನ್ಸಿಯಾಕ್ಕೆ ಹೋದೆ. ಈಗ ತಮ್ಮನ ಮದುವೆಗೆ ಅಂತ ಬಂದಿದ್ದೇನೆ. ಇನ್ನು 20 ದಿನಕ್ಕೆ ವಾಪಸ್ ಹೋಗಬೇಕು, ಮನಸ್ಸೇ ಬರುತ್ತಿಲ್ಲ.

ಊರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮನೆ ಬೆನಿಮಾಕ್ಲೆಟ್‌ನಲ್ಲಿ. ಸಂಜೆ ತೂರಿಯಾ ಪಾರ್ಕಿನಲ್ಲಿ ನಡೆಯುತ್ತೇನೆ. ಅಲ್ಲಿ ಮೊದಲು ನದಿ ಹರಿಯುತ್ತಿತ್ತಂತೆ. 1957ರ ದೊಡ್ಡ ನೆರೆ ಆದ ಮೇಲೆ ನೀರನ್ನು ಊರಿನ ದಕ್ಷಿಣಕ್ಕೆ ತಿರುಗಿಸಿ, ಹಳೆಯ ಪಾತ್ರದಲ್ಲೇ ಗಿಡ ಮರ ಬೆಳೆಸಿದ್ದಾರೆ. ಎಲ್ಲ ಸರಿ, ಆದರೆ ಇಡೀ ದಿನ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಇಲ್ಲಿ ಹಾಲು ತರಲು ಕೆಳಗಿಳಿದರೆ ನಾಲ್ಕು ಜನ "ಆಯಿ ಕಶಿ ಆಹೆ", ಅಮ್ಮ ಹೇಗಿದ್ದಾರೆ ಅಂತ ಕೇಳುತ್ತಾರೆ.

ಒಂದು ದಿನದ ಕಥೆ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ತರಕಾರಿ ಅಂಗಡಿ ಮುಂದೆ ನಿಂತಿದ್ದೆ. ಸಾಲು ಅಂತ ಇರಲಿಲ್ಲ, ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು ನಿಂತಿದ್ದರು. ನನ್ನ ನಂತರ ಬಂದವರೆಲ್ಲ ತಗೊಂಡು ಹೋದರು, ಅಂಗಡಿಯಾಕೆ ನನ್ನ ಕಡೆ ತಿರುಗಲೇ ಇಲ್ಲ. ಬೇಕಂತಲೇ ಬಿಟ್ಟರು ಅನಿಸಿತು. ಏನೂ ಕೊಳ್ಳದೆ ಮನೆಗೆ ಬಂದು ಅತ್ತುಬಿಟ್ಟೆ. ಅವತ್ತಿನಿಂದ ಸೂಪರ್ ಮಾರ್ಕೆಟ್‌ಗೇ ಹೋಗುತ್ತೇನೆ, ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಕಾಗಿಲ್ಲ.

ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ? ನಿಮಗೆ ಅದು ನಮ್ಮೂರು ಅಂತ ಯಾವಾಗ ಅನಿಸಿತು?

ಕೊತ್ರೂಡ್ ಕನ್ನಡಿಗ:
ತಂಗಿ, ಆ ಅಂಗಡಿಯಲ್ಲಿ ನಿಮ್ಮನ್ನು ಯಾರೂ ಬೇಕಂತ ಬಿಟ್ಟಿರಲಿಕ್ಕಿಲ್ಲ. ನಾನು ವಲೆನ್ಸಿಯಾದ ರುಸಾಫಾದಲ್ಲಿ 6 ವರ್ಷ ಇದ್ದೆ, 2025ರಲ್ಲಿ ಪುಣೆಗೆ ವಾಪಸ್ ಬಂದೆ. ನನಗೂ ಮೊದಲು ಹೀಗೇ ಆಗಿತ್ತು.

ಅಲ್ಲಿ ಸಾಲು ಕಣ್ಣಿಗೆ ಕಾಣುವುದಿಲ್ಲ, ಬಾಯಲ್ಲಿ ಇರುತ್ತದೆ. ಬಂದ ತಕ್ಷಣ "ಕಿಯೆನ್ ಎಸ್ ಎಲ್ ಉಲ್ತಿಮೊ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಕೊನೆಯವರು ಯಾರು ಅಂತ ಅರ್ಥ. ಯಾರಾದರೂ ಒಬ್ಬರು "ಯೋ" ಅನ್ನುತ್ತಾರೆ, ಅಂದರೆ ನಾನು. ಅವರ ಮುಖ ನೆನಪಿಟ್ಟುಕೊಳ್ಳಿ, ಅವರಾದ ಮೇಲೆ ನೀವು. ಆಮೇಲೆ ಬಂದವರು ಕೇಳಿದಾಗ "ಯೋ" ಅನ್ನುವ ಸರದಿ ನಿಮ್ಮದು. ಕೇಳದೆ ನಿಂತರೆ ಸುಮ್ನೆ ನೋಡುತ್ತಾ ನಿಂತಿದ್ದೀರಿ ಅಂದುಕೊಳ್ಳುತ್ತಾರೆ. ಕೆಲವು ಅಂಗಡಿಗಳಲ್ಲಿ ನಂಬರ್ ಚೀಟಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು. ಬೆಳಗ್ಗೆ ಹತ್ತು ಹತ್ತೂವರೆಗೆ ಮನೆ ಹತ್ತಿರದ ಬಾರ್‌ಗೆ ಹೋಗಿ. ಹೆಸರು ಬಾರ್ ಅಂತಿದ್ದರೂ ನಮ್ಮ ಉಡುಪಿ ಹೋಟೆಲಿನ ಹಾಗೆ, ಅಜ್ಜಿಯರೂ ಬರುತ್ತಾರೆ. ಆ ಹೊತ್ತಿನ ತಿಂಡಿಗೆ ಅಲ್ಮುಎರ್ಸೊ ಅನ್ನುತ್ತಾರೆ. ಉದ್ದ ಬ್ರೆಡ್ಡು, ಜೊತೆಗೆ ಆಲಿವ್, ಶೇಂಗಾ, ಕೊನೆಗೆ ಕಾಫಿ. ಮೀನು ಮಾಂಸ ಬೇಡವಾದರೆ ಆಲೂಗಡ್ಡೆ ಆಮ್ಲೆಟ್ ಹಾಕಿದ ಬ್ರೆಡ್ಡು ಕೇಳಿ. ದಿನಾ ಅದೇ ಬಾರು, ಅದೇ ಹೊತ್ತು. ನನಗೆ ಸುಮಾರು ಒಂದು ತಿಂಗಳಾದ ಮೇಲೆ ಒಂದು ದಿನ, ನಾನು ಕೇಳುವ ಮೊದಲೇ ಕಾಫಿ ಬಂತು. ಅವತ್ತು ಆಫೀಸಿಗೆ ನಡೆದುಕೊಂಡು ಹೋಗುವಾಗ ಎಷ್ಟು ಖುಷಿಯಾಗಿತ್ತು ಅಂದರೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಮುಲುಂಡ್ ಅಕ್ಕ:
ನಾನು ಸ್ಪೇನ್ ನೋಡಿಲ್ಲ ಮಾರಾಯ್ತಿ, ಆದರೆ ಇದು ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬಾದ್ದೇ ಲೆಕ್ಕ ಅಲ್ವಾ? ಹತ್ತಿದ ಕೂಡಲೇ ಕೂತವರ ಹತ್ತಿರ "ಕಹಾಂ ಉತರ್‌ನಾ ಹೈ", ಎಲ್ಲಿ ಇಳಿಯೋದು ಅಂತ ಕೇಳುತ್ತೇವೆ. ಒಬ್ಬಳು ಘಾಟ್‌ಕೋಪರ್ ಅಂದರೆ ಆ ಸೀಟು ನಮ್ಮದು. ಕೇಳದೆ ನಿಂತವಳು ಕೊನೆಯ ಸ್ಟೇಷನ್ ಸಿಎಸ್‌ಟಿವರೆಗೂ ನಿಂತೇ ಇರುತ್ತಾಳೆ. ಡೊಂಬಿವಿಲಿಯಲ್ಲಿ ರೈಲು ಹತ್ತಿದವಳಿಗೆ ಇದು ಕಷ್ಟ ಆಗುವುದಿಲ್ಲ, ಧೈರ್ಯವಾಗಿ ಕೇಳು.

ವಾಸ್ಕೋದವನು:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಸ್ಪೇನಿನದೇ ಅಲಿಕಾಂತೆಯಲ್ಲಿ 2 ವರ್ಷ ಇದ್ದೆ. ಎಲ್ಲವೂ ನಮ್ಮ ತಪ್ಪು ತಿಳುವಳಿಕೆ ಅಂತ ಹೇಳಿಬಿಡಬೇಡಿ. ಬಾಡಿಗೆ ಮನೆಗೆ ಫೋನ್ ಮಾಡಿದಾಗ ನನ್ನ ಹೆಸರು ಕೇಳಿದ ಮೇಲೆ "ಮನೆ ಹೋಯ್ತು" ಅಂದವರಿದ್ದಾರೆ. ಮಾರನೇ ದಿನ ಅದೇ ಮನೆಯ ಜಾಹೀರಾತು ಹಾಗೇ ಇತ್ತು. ಪೌರತ್ವಕ್ಕೆ ನಮಗೆ 10 ವರ್ಷ ವಾಸ ಬೇಕು, ಲ್ಯಾಟಿನ್ ಅಮೆರಿಕದ ದೇಶಗಳವರಿಗೆ 2 ವರ್ಷ ಸಾಕು. ಎರಡು ವರ್ಷದಲ್ಲಿ ಒಬ್ಬರೂ ಮನೆಗೆ ಊಟಕ್ಕೆ ಕರೆಯಲಿಲ್ಲ, ಅದು ನನಗೆ ತುಂಬಾ ನೋವಾಗಿತ್ತು.

ಆದರೂ ಒಂದು ಉಪಯೋಗದ ಮಾತು. ವಲೆನ್ಸಿಯಾದಲ್ಲಿ ಸ್ಪ್ಯಾನಿಷ್ ಜೊತೆ ವಲೆನ್ಸಿಯನ್ ಭಾಷೆಯೂ ಇದೆ, ಎರಡೂ ಅಧಿಕೃತ. ಬೆಳಗ್ಗೆ ವಲೆನ್ಸಿಯನ್‌ನಲ್ಲಿ "ಬೊನ್ ದಿಯಾ", ಅಂದರೆ ಶುಭೋದಯ, ಅಂದು ನೋಡಿ. ಗೋವಾದ ನಮ್ಮ ವಾಸ್ಕೋ ಮಾರ್ಕೆಟ್‌ನಲ್ಲಿ ಹಿಂದಿ ಬಿಟ್ಟು ಎರಡು ಮಾತು ಕೊಂಕಣಿ ಆಡಿದರೆ ಮೀನಿನವಳ ಮುಖ ಹೇಗಾಗುತ್ತದೆ, ಅಲ್ಲಿಯೂ ಹಾಗೇ.

ಕೊತ್ರೂಡ್ ಕನ್ನಡಿಗ:
ಬಾಡಿಗೆ ಮನೆ ವಿಷಯ ನಿಜ, ನನ್ನ ಗೆಳೆಯನಿಗೂ ಆಗಿದೆ. ಊಟಕ್ಕೆ ಕರೆಯದ್ದು ಮಾತ್ರ ಬೇರೆ ಕಾರಣ ಅನಿಸುತ್ತದೆ. ಅವರು ತಮ್ಮ ತಮ್ಮಲ್ಲೇ ಮನೆಗೆ ಕರೆಯುವುದು ಕಡಿಮೆ. ನಾವು "ಮೇಲೆ ಬನ್ನಿ" ಅನ್ನುತ್ತೇವೆ, ಅವರು "ಬಾಹಾಸ್?" ಅನ್ನುತ್ತಾರೆ, ಕೆಳಗೆ ಬರ್ತೀಯಾ ಅಂತ. ಆಮೇಲೆ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಮಾತು.

ನನಗೆ ಅದು ನಮ್ಮೂರು ಅನಿಸಿದ್ದು 2024ರ ಅಕ್ಟೋಬರ್ 29ರ ನೆರೆ ಆದ ಮೇಲೆ. ವಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. 1957ರ ನಂತರ ನದಿ ತಿರುಗಿಸಿದ್ದರಿಂದ ಊರಿನ ನಡುಭಾಗಕ್ಕೆ ಏನೂ ಆಗಲಿಲ್ಲ, ದಕ್ಷಿಣದ ಊರುಗಳು ಕೆಸರಲ್ಲಿ ಮುಳುಗಿದವು. ಸಾವಿರಾರು ಜನ ಪೊರಕೆ, ಸಲಿಕೆ ಹಿಡಿದು ಸೇತುವೆ ದಾಟಿ ನಡೆದೇ ಹೋದರು. 2005ರ ಜುಲೈ 26ರ ನೆರೆ ನೋಡಿದ ಮುಂಬೈಯವರಿಗೆ ಇದು ಹೇಳಬೇಕಾಗಿಲ್ಲ. ನಮ್ಮ ಬಾರಿನವನು ನನ್ನನ್ನು ನೋಡಿ ಒಂದು ಸಲಿಕೆ ಕೈಗೆ ಕೊಟ್ಟ. ಬರ್ತೀಯಾ ಅಂತ ಕೇಳಲೂ ಇಲ್ಲ. ಸಂಜೆವರೆಗೆ ಗುರುತಿಲ್ಲದ ಒಬ್ಬ ಅಜ್ಜಿಯ ಮನೆಯ ಕೆಸರು ಎತ್ತಿ ಹಾಕಿದೆವು.

ಡೊಂಬಿವಿಲಿ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮದುವೆಯಾಗಿ ಇಲ್ಲಿಗೆ ಬಂದಾಗ ಮರಾಠಿಯ ಒಂದು ಪದವೂ ಬರುತ್ತಿರಲಿಲ್ಲವಂತೆ. ಚಾಳಿನ ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತು ಮೊದಲು ಕಲಿತ ಮಾತು "ಮಾಝಾ ನಂಬರ್", ನನ್ನ ಸರದಿ, ಅಂತೆ. ಇಷ್ಟು ವರ್ಷ ಇದನ್ನು ನನಗೆ ಹೇಳಿಯೇ ಇರಲಿಲ್ಲ.

ಒಂದೇ ಪ್ರಶ್ನೆ. ನಾನು ತಲುಪುವುದು ಶುಕ್ರವಾರ ರಾತ್ರಿ. ಸೆಂಟ್ರಲ್ ಮಾರ್ಕೆಟ್ ಶನಿವಾರ ಎಷ್ಟು ಹೊತ್ತಿನವರೆಗೆ ಇರುತ್ತದೆ?

ಕೊತ್ರೂಡ್ ಕನ್ನಡಿಗ:
ಮಧ್ಯಾಹ್ನ ಮೂರರವರೆಗೆ. ಭಾನುವಾರ ಇಲ್ಲ. ಹತ್ತರೊಳಗೆ ಹೋಗಿ, ಆಮೇಲೆ ಟೂರಿಸ್ಟ್‌ಗಳು ಜಾಸ್ತಿ.